ಮನೆದೇವರ ಹೆಸರಿನ ಪಾಸ್‌ವರ್ಡ್

ಶುಕ್ರವಾರದ ಪೂಜೆ ಮುಗಿಸಿ, ಗುಬ್ಬಿಯ ನಮ್ಮ ಕೊಬ್ಬರಿ ಅಂಗಡಿಯ ಲ್ಯಾಪ್‌ಟಾಪಿಗೆ ಕುಂಕುಮ ಇಡುತ್ತಿದ್ದೆ. ಆನ್‌ಲೈನ್ ಲೆಕ್ಕದ ಪುಟದಲ್ಲಿದ್ದ ಗಿರಾಕಿಗಳ ಹೆಸರುಗಳು ನನ್ನ ಕಣ್ಣೆದುರೇ ಒಂದೊಂದಾಗಿ ಮಾಯವಾಗತೊಡಗಿದವು. ನಮ್ಮ ದೇವರಿಗೆ ಕಂಪ್ಯೂಟರ್ ಬರುವುದಿಲ್ಲವೆಂದು ನನಗೆ ಗೊತ್ತು. ಈ ಸಾಫ್ಟ್‌ವೇರ್ ಹಾಕಿಕೊಟ್ಟಿದ್ದ, ಹೋದ ವರ್ಷವೇ ನಾವು ಕೆಲಸದಿಂದ ಬಿಡಿಸಿದ್ದ ಹೊರಗಿನ ಹುಡುಗನಿಗೆ ಫೋನ್ ಮಾಡಿದೆ.

“ಅಯ್ಯಯ್ಯೋ ಅಕ್ಕಾ, ಚೇಳೂರಿನ ಅಂಗಡೀದು ಹಳೇ ಲೆಕ್ಕ ಅಂದ್ಕೊಂಡು ನಿಮ್ದು ಅಳಿಸ್ತಿದೀನಿ! ಇಬ್ರದೂ ಒಂದೇ ಮನೆದೇವ್ರು, ಒಂದೇ ಪಾಸ್‌ವರ್ಡು! ತಪ್ಪು ಖಾತೆ ಒತ್ತಿದ್ರೂ ತೆರ್ಕೊಂಡ್ಬಿಡ್ತು!” ಎಂದ.

ಅಳಿಸಿದ್ದನ್ನೆಲ್ಲ ಅವನೇ ವಾಪಸ್ ತಂದುಕೊಟ್ಟ. ಪಾಸ್‌ವರ್ಡ್ ಬದಲಿಸೋಣವೆಂದರೆ ನಮ್ಮ ಯಜಮಾನರು ಒಪ್ಪಲಿಲ್ಲ. “ದೇವ್ರ ಹೆಸ್ರು ತೆಗೆದ್ರೆ ಕೆಡುಕಾಗುತ್ತೆ ಕಣೇ” ಎಂದರು.

“ರೀ, ದೇವ್ರ ಹೆಸ್ರು ಬಾಯಲ್ಲಿರ್ಲಿ. ಊರಿಗೆಲ್ಲ ಗೊತ್ತಿರೋ ಹೆಸ್ರನ್ನ ಬೀಗ ಮಾಡ್ಕೊಂಡು ಕೂತಿದೀರಲ್ಲ!” ಎಂದು ನಿಂತ ಕಾಲಲ್ಲೇ ಬದಲಾಯಿಸಿದೆ.

ಈಗ ರಿಪೇರಿಗೆ ಯಾರೇ ಬಂದರೂ ಅವರಿಗೆ ಬೇರೆ ಲಾಗಿನ್ ಕೊಡುತ್ತೇವೆ. ಕೆಲಸ ಮುಗಿದ ಕೂಡಲೇ ನಾನೇ ಅದನ್ನು ಮುಚ್ಚುತ್ತೇನೆ. ಅವತ್ತು ಸರಿಯಾದ ಹೊತ್ತಿಗೆ ನನ್ನನ್ನು ಲ್ಯಾಪ್‌ಟಾಪಿನ ಮುಂದೆ ನಿಲ್ಲಿಸಿದ್ದಕ್ಕೆ ಮನೆದೇವರಿಗೆ ಕಾಯಿ ಒಡೆದು ಕೈಮುಗಿದೆ. ಹೊಸ ಪಾಸ್‌ವರ್ಡ್ ಮಾತ್ರ ದೇವರಿಗೂ ಹೇಳಿಲ್ಲ.