ಗೆರೆಯಿಲ್ಲದ ಹೆಬ್ಬೆಟ್ಟು

ಆ ಡಂಗುರದ ವರದಿಯ ಕೆಳಗಿದ್ದ ಹೆಬ್ಬೆಟ್ಟು ದುರಗಪ್ಪನದಲ್ಲ, ನನ್ನದು. ಆರು ವರ್ಷ ಈ ಒಂದು ಮಾತನ್ನು ನುಂಗಿಕೊಂಡು ಕೂತಿದ್ದೆ. ಅದರಿಂದ ಒಬ್ಬ ಮನುಷ್ಯನ ಕೆಲಸ ಹೋಯಿತು. ಕೆಲಸಕ್ಕಿಂತ ದೊಡ್ಡದು — ಅವನ ಮಾತಿನ ಮೇಲೆ ಊರಿಗಿದ್ದ ನಂಬಿಕೆ ಹೋಯಿತು.

ನಾನು ನಮ್ಮೂರ ಪುರಸಭೆಯ ಕಾರಕೂನ. ದುರಗಪ್ಪ ಡಂಗುರ ಸಾರುವವನು. ಪುರಸಭೆಯ ಸುದ್ದಿ ಏನೇ ಇರಲಿ — ಮನೆಪಟ್ಟಿ, ಸಿಡುಬಿನ ಚುಚ್ಚುಮದ್ದು, ದನದ ಸಂತೆ — ನಾನು ಕಾಗದ ಓದಿ ಹೇಳುತ್ತಿದ್ದೆ, ಅವನು ಹಲಗೆ ಬಾರಿಸಿ ಓಣಿ ಓಣಿಯಲ್ಲಿ ಕೂಗುತ್ತಿದ್ದ. ಓದು ಬಾರದ ಆ ಮನುಷ್ಯ ಒಮ್ಮೆ ಕೇಳಿದ್ದನ್ನು ಒಂದಕ್ಷರ ಬಿಡದೆ ಹೇಳುತ್ತಿದ್ದ. ವಯಸ್ಸಿನಲ್ಲಿ ನನಗಿಂತ ಹದಿನೈದು ವರ್ಷ ದೊಡ್ಡವನು. ಆದರೂ ಎಲ್ಲರಂತೆ ನಾನೂ ಅವನನ್ನು ‘ದುರ್ಗ್ಯಾ’ ಎಂದೇ ಕರೆಯುತ್ತಿದ್ದೆ.

ದೊಡ್ಡ ಬರ ಬಂದುಹೋದ ಮರುವರ್ಷ ಊರಿಗೆ ನಳ ಬರುವುದೆಂದಾಯಿತು. ಓಣಿಗೊಂದು ನಳ, ಬೇಕಾದ ಓಣಿಯವರು ಎಂಟು ದಿನದೊಳಗೆ ಕೂಡಿ ಅರ್ಜಿ ಕೊಡಬೇಕು. ಮುಂಜಾನೆಯಿಂದ ತಿರುಗಿ ನಾವಿಬ್ಬರೂ ಒಂಬತ್ತು ಓಣಿ ಮುಗಿಸಿದೆವು. ಉಳಿದದ್ದು ಮೇಲಿನ ಓಣಿ. ಅಲ್ಲಿಗೆ ನನ್ನ ಕಾಲು ಏಳಲಿಲ್ಲ. ಕಾರಣ ಹೇಳಿದರೆ ನಗುತ್ತೀರಿ — ನಗಿರಿ. ಆ ಓಣಿಯ ಮೂರನೆಯ ಮನೆಯವರು ಹಿಂದಿನ ತಿಂಗಳಷ್ಟೇ, “ಕಾರಕೂನನ ಪಗಾರ ಉಪ್ಪು ಎಣ್ಣಿಗೂ ಸಾಲಂಗಿಲ್ಲ” ಎಂದು ನನಗೆ ಹೆಣ್ಣು ಕೊಡಲು ಒಲ್ಲೆ ಎಂದಿದ್ದರು. ಹಲಗೆಯ ಹಿಂದೆ ಬೆವರು ಒರೆಸಿಕೊಳ್ಳುತ್ತ ಬರುವ ನನ್ನನ್ನು ಆ ಹುಡುಗಿ ಬಾಗಿಲಲ್ಲಿ ನಿಂತು ನೋಡುವುದೆಂದರೆ...

“ಆ ಓಣಿಗಿ ನಾಳೆ ಹೋಗೂಣು. ನೀ ಮನಿಗಿ ನಡಿ” ಎಂದೆ. ಅವನು ಹೋದ. ಆ ನಾಳೆ ಬರಲೇ ಇಲ್ಲ — ನಾನೇ ಬರಗೊಡಲಿಲ್ಲ. ವರದಿಯಲ್ಲಿ ಹತ್ತೂ ಓಣಿಗಳ ಹೆಸರು ಬರೆದೆ. ಕೆಳಗೆ ದುರಗಪ್ಪನ ಹೆಬ್ಬೆಟ್ಟು ಬೇಕಿತ್ತು. ಕರೆಸಿದರೆ ಮೇಲಿನ ಓಣಿಯ ಮಾತು ಎತ್ತುತ್ತಾನೆ. ಶಾಯಿಯ ಡಬ್ಬಿಗೆ ನನ್ನ ಹೆಬ್ಬೆರಳನ್ನೇ ಹಚ್ಚಿ ಒತ್ತಿದೆ. ಹೆಬ್ಬೆಟ್ಟಿನ ಮುಖ ಯಾರು ನೋಡುತ್ತಾರೆ?

ಒಂಬತ್ತು ಓಣಿಗೆ ನಳ ಬಂತು. ಮೇಲಿನ ಓಣಿಯ ಹೆಣ್ಣುಮಕ್ಕಳು ಆ ಬೇಸಿಗೆಯೆಲ್ಲ ಕೊಡ ಹೊತ್ತು ದಿಬ್ಬ ಹತ್ತಿದರು. ಕೊನೆಗೆ ಸಿಟ್ಟಿಗೆದ್ದು ಪುರಸಭೆಗೇ ಬಂದರು: “ನಮ್ಮ ಓಣ್ಯಾಗ ಹಲಗಿ ಸಪ್ಪಳನ ಕೇಳಿಲ್ಲ!” ಮುಖ್ಯಾಧಿಕಾರಿಗಳು ವರದಿ ತರಿಸಿ, ದುರಗಪ್ಪನನ್ನು ಕರೆಸಿ ಅದನ್ನು ಅವನ ಮುಂದೆ ಹಿಡಿದರು. ಅವನು ಕಾಗದವನ್ನು ಕಿಟಕಿಯ ಬೆಳಕಿಗೆ ಒಯ್ದು ನೋಡಿದ.

“ಇದು ನಂದಲ್ರಿ ಸಾಹೇಬ್ರ. ನನ್ನ ಹೆಬ್ಬಟ್ಟಿಗಿ ಕುಡಗೋಲ ಬಡದ ಗಾಯ ಐತಿ, ಎಲ್ಲಿ ಒತ್ತಿದ್ರೂ ನಡುವ ಗೆರಿ ಬೀಳ್ತೈತಿ. ಇದರಾಗ ಗೆರಿ ಇಲ್ಲ ನೋಡ್ರಿ. ಆ ಓಣಿಗಿ ನಾಳೆ ಹೋಗೂಣು ಅಂದಾವ್ರೂ ಇವ್ರ.”

ಎಲ್ಲರೂ ನನ್ನ ಕಡೆ ತಿರುಗಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ — ನಾನು ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಿದ್ದೆ. ಆದರೂ ಹೇಳಿದೆ: “ಸುಳ್ಳು ಹೇಳಾಕತ್ತಾನ್ರಿ. ನನ್ನ ಮುಂದನ ಒತ್ತ್ಯಾನ.”

ಅವನ ಹೆಬ್ಬೆಟ್ಟನ್ನು ಇನ್ನೊಂದು ಕಾಗದದ ಮೇಲೆ ಒತ್ತಿಸಿ ನೋಡಲು ಒಂದು ನಿಮಿಷ ಸಾಕಿತ್ತು. ಯಾರೂ ನೋಡಲಿಲ್ಲ. ಕಾರಕೂನ ಹೇಳಿದ ಮೇಲೆ ಹಲಗೆಯವನ ಮಾತಿಗೆ ಏನು ಬೆಲೆ? ಅದು ನನಗೆ ಗೊತ್ತಿತ್ತು — ಗೊತ್ತಿದ್ದೇ ಹೇಳಿದೆ. ಅವತ್ತೇ ಅವನನ್ನು ಕೆಲಸದಿಂದ ತೆಗೆದರು. ಬಾಗಿಲಲ್ಲಿ ನಿಂತು ನನಗೆ ಶಾಪ ಹಾಕಿ ಹೋದ, ಹಾಕಬೇಕಾದ್ದೇ. ಆಮೇಲೆ ಆಲಮಟ್ಟಿಗೆ ಹೋಗಿ ಆಣೆಕಟ್ಟಿನ ಕೆಲಸದಲ್ಲಿ ಕಲ್ಲು ಹೊತ್ತ. ಎರಡು ವರ್ಷದ ಮೇಲೆ ಮೇಲಿನ ಓಣಿಗೂ ನಳ ಬಂತು. ಅವನ ಹೆಸರು ಮಾತ್ರ ತಿರುಗಿ ಬರಲಿಲ್ಲ. ಊರಲ್ಲಿ ಯಾರಾದರೂ ಸುಳ್ಳು ಹೇಳಿದರೆ ‘ದುರ್ಗ್ಯಾನ ಡಂಗುರ’ ಎನ್ನುವ ರೂಢಿಯಾಯಿತು. ಅದನ್ನು ಕೇಳಿ ನಾನೂ ನಕ್ಕಿದ್ದೇನೆ — ಹೌದು, ನಕ್ಕಿದ್ದೇನೆ.

ಕಳೆದ ವಾರ ನನ್ನ ಮೇಜಿಗೆ ಒಂದು ಅರ್ಜಿ ಬಂತು. ಹಲಗೆಯ ಕೆಲಸ ಮತ್ತೆ ಕೊಡಬೇಕೆಂದು, ಊರಿಗೆ ಮರಳಿದ್ದ ದುರಗಪ್ಪ ಯಾರಿಂದಲೋ ಬರೆಸಿದ್ದ. ಈಗಿನ ಮುಖ್ಯಾಧಿಕಾರಿಗಳು ಹೊಸಬರು. ಹಳೆಯ ಕಡತ ನೋಡಿ ಅಭಿಪ್ರಾಯ ಬರೆಯಿರಿ ಎಂದು ನನಗೇ ಕಳಿಸಿದ್ದರು. ಅರ್ಜಿಯ ಕೆಳಗಿನ ಹೆಬ್ಬೆಟ್ಟಿನ ನಡುವೆ ಸ್ಪಷ್ಟವಾಗಿ ಒಂದು ಗೆರೆ ಇತ್ತು. ಹಳೆಯ ವರದಿಯನ್ನು ಅದರ ಪಕ್ಕ ಇಟ್ಟು ನೋಡಿದೆ. ಅದರಲ್ಲಿ ಗೆರೆ ಇರಲಿಲ್ಲ.

ಭಾನುವಾರ ಅವನ ಮನೆಗೆ ಹಿತ್ತಲ ಕಡೆಯಿಂದ ಹೋದೆ. “ದುರಗಪ್ಪಣ್ಣ, ನನ್ನಿಂದ ತಪ್ಪಾಗೇತಿ” ಎಂದೆ. ಅಣ್ಣ ಎಂದದ್ದು ಅದೇ ಮೊದಲು. ಅವನು ಕರಗಲಿಲ್ಲ.

“ಸುಳ್ಳು ಹೇಳೂದು ಕಚೇರ್ಯಾಗ, ಖರೆ ಹೇಳೂದು ಹಿತ್ತಲದಾಗೇನ್ರಿ ಕಾರಕೂನ್ರ?”

ಕಚೇರಿಯಲ್ಲಿ ಬರೆದು ಕೊಡುತ್ತೇನೆ ಎಂದೆ.

“ಬರದದ್ದು ಮಂದಿಗಿ ಕೇಳಂಗಿಲ್ಲ.” ಗೋಡೆಯ ಗೂಟಕ್ಕೆ ತೂಗುಹಾಕಿದ್ದ ಹಲಗೆ ಇಳಿಸಿ, ಧೂಳು ಒರೆಸಿ, ಒಲೆಯ ಬೆಂಕಿಗೆ ಹಿಡಿದ. ಚರ್ಮ ಬಿಗಿಯಾಗುವವರೆಗೂ ತಿರುಗಿಸುತ್ತ ಕಾಯಿಸಿದ. ಆಮೇಲೆ ಬೆರಳಿನಿಂದ ಒಂದು ಸಲ ತಟ್ಟಿ ನೋಡಿ ಹೇಳಿದ: “ಹಲಗಿ ನಾ ಬಾರಸ್ತೇನಿ. ಕೂಗೂದು ನೀವು.”

ಅಂದು ಮೇಲಿನ ಓಣಿ ಬಿಟ್ಟ ಕಾರಣವನ್ನೂ ಹೇಳಿದೆ. ಆರು ವರ್ಷದಲ್ಲಿ ಮೊದಲ ಸಲ ಅವನು ನನ್ನ ಮುಂದೆ ನಕ್ಕ. ಕ್ಷಮಿಸಿದೆ ಎನ್ನಲಿಲ್ಲ, ನಾನೂ ಕೇಳಲಿಲ್ಲ.

ಇಂದು ಅಭಿಪ್ರಾಯ ಬರೆದುಕೊಟ್ಟೆ: ಅರ್ಜಿದಾರರು ಅಂದು ಹೇಳಿದ್ದು ನಿಜ, ಹೆಬ್ಬೆಟ್ಟು ನನ್ನದು. ಸಹಿಯ ಪಕ್ಕದಲ್ಲಿ ಹೆಬ್ಬೆರಳನ್ನೂ ಒತ್ತಿದ್ದೇನೆ, ತಾಳೆ ನೋಡಿಕೊಳ್ಳಲಿ ಎಂದು. ನನ್ನ ನೌಕರಿ ಉಳಿಯುತ್ತದೋ ಇಲ್ಲವೋ, ಅದು ಅವರಿಗೆ ಬಿಟ್ಟದ್ದು.

ನಾಳೆ ಮುಂಜಾನೆ ಮೇಲಿನ ಓಣಿಯಿಂದ ಶುರು. ಮೂರನೆಯ ಮನೆಯ ಮುಂದೆ ದನಿ ತಗ್ಗಿಸಕೂಡದು ಎಂದು ದುರಗಪ್ಪಣ್ಣ ಹೇಳಿದ್ದಾರೆ. ತಗ್ಗಿಸುವುದಿಲ್ಲ.