ಅಪ್ಪನ ಹಾಕಿ, ಅಕ್ಕನ ಗೋಲು

ನಮ್ಮಪ್ಪ ತೊಂಬತ್ತು ದಾಟಿ ಬದುಕಿದರು. ಸತ್ತಾಗ ಬಂದವರೆಲ್ಲ ಎರಡೇ ಮಾತಾಡಿದರು: ಅಂಥ ಸಂಸಾರವಂದಿಗ ಇನ್ನೊಬ್ಬನಿಲ್ಲ, ಅಂಥ ಹಾಕಿ ಹುಚ್ಚ ಇನ್ನೊಬ್ಬನಿಲ್ಲ. ಎರಡೂ ನಿಜವೇ. ಕುಡಿಯಲಿಲ್ಲ, ಇಸ್ಪೀಟು ಮುಟ್ಟಲಿಲ್ಲ. ಯಶವಂತಪುರದ ಗೂಡ್ಸ್ ಷೆಡ್ಡಿನಲ್ಲಿ ಗುಮಾಸ್ತಗಿರಿ ಮುಗಿಸಿ, ಸೈಕಲ್ ತುಳಿದುಕೊಂಡು ನೇರ ಅಲ್ಲಾಳಸಂದ್ರದ ಮನೆಗೆ ಬರುತ್ತಿದ್ದರು. ನನಗೆ ವಿಷಮಶೀತ ಜ್ವರ ಬಂದಾಗ ಬೆನ್ನ ಮೇಲೆ ಹೊತ್ತು ಯಲಹಂಕದ ಆಸ್ಪತ್ರೆಗೆ ನಡೆದವರು ಅವರೇ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಹೇಳುವುದರಲ್ಲಿ ಅವರ ಬಗ್ಗೆ ಒಳ್ಳೆಯ ಮಾತು ಕಡಿಮೆ.

ಬೆಂಗಳೂರು ದಂಡಿನ ಕಡೆ ಸಿಪಾಯಿಗಳು ಆಡುವುದನ್ನು ನೋಡಿ ಅಪ್ಪನಿಗೆ ಹಾಕಿಯ ಹುಚ್ಚು ಹತ್ತಿಕೊಂಡಿತ್ತು. ಸ್ವತಃ ಆಡಲು ಬರುತ್ತಿರಲಿಲ್ಲ; ಚೆಂಡು ಒಂದು ಕಡೆ ಹೋದರೆ ಸ್ಟಿಕ್ ಇನ್ನೊಂದು ಕಡೆ. ಅದಕ್ಕೇ ಸೀಟಿಯೊಂದನ್ನು ಕೊಂಡು ಊರ ಹುಡುಗರನ್ನು ಸೇರಿಸಿ ಟೀಮು ಕಟ್ಟಿದರು. ಬೇಸಿಗೆಯಲ್ಲಿ ಕೆರೆ ಬತ್ತಿದ ಮೇಲೆ ಅದರ ಅಂಗಳವೇ ಮೈದಾನ. ಟೀಮಿನ ಬಟ್ಟೆ ಒಗೆಯುವವಳು ನಮ್ಮಮ್ಮ, ಪಾನಕ ಮಾಡುವವಳೂ ಅಮ್ಮನೇ. ಪ್ರತಿ ಮ್ಯಾಚಿಗೂ ನಾವೆಲ್ಲ ಕೆರೆ ಏರಿಯ ಮೇಲೆ ಸಾಲಾಗಿ ಕೂರಬೇಕಿತ್ತು. ಇದಕ್ಕೆ ಅಪ್ಪ ಇಟ್ಟಿದ್ದ ಹೆಸರು ಸಂಸಾರಪ್ರೀತಿ.

ಆ ಹುಡುಗರೆಲ್ಲರಿಗಿಂತ ಚೆನ್ನಾಗಿ ಆಡುತ್ತಿದ್ದವಳು ನಮ್ಮಕ್ಕ. ಸೀಬೆಮರದ ಬಾಗಿದ ಕೊಂಬೆ ಕಡಿದು ತಾನೇ ಸ್ಟಿಕ್ ಮಾಡಿಕೊಂಡಿದ್ದಳು. ಅಭ್ಯಾಸಕ್ಕೆ ಜನ ಕಡಿಮೆ ಬಿದ್ದಾಗಲೆಲ್ಲ ಅಪ್ಪನೇ ಅವಳನ್ನು ಕರೆಯುತ್ತಿದ್ದರು. ಅವಳು ಬಲಗಡೆಯಿಂದ ಚೆಂಡು ತೆಗೆದುಕೊಂಡು ಹೊರಟರೆ ಹುಡುಗರು ಧೂಳಿನಲ್ಲಿ ಉಳಿಯುತ್ತಿದ್ದರು.

ಅವಳಿಗೆ ಹದಿನೈದಾಗಿದ್ದ ಬೇಸಿಗೆಯಲ್ಲಿ ಚಿಕ್ಕಬಾಣಾವರದ ಟೀಮು ನಮ್ಮೂರಿಗೆ ಬರುವುದಿತ್ತು. ಅವರ ಜೊತೆ ಅಲ್ಲಿಯ ಜಮೀನ್ದಾರರೊಬ್ಬರು ಜಟಕಾದಲ್ಲಿ ಬರುತ್ತಾರೆಂದು ತಿಳಿದು ಅಪ್ಪ ಹಿಂದಿನ ದಿನದಿಂದಲೇ ಕೋಟು ತೀಡುತ್ತಿದ್ದರು. ಬೆಳಿಗ್ಗೆ ನಮ್ಮ ಕಡೆಯ ಹುಡುಗನೊಬ್ಬನಿಗೆ ಸಿಡುಬೆದ್ದು ಒಬ್ಬ ಕಡಿಮೆಯಾದ.

"ನೀನೇ ಆಡು ಕಣೇ," ಎಂದರು ಅಕ್ಕನಿಗೆ. "ಜಡೆ ಮೇಲಕ್ಕೆ ಕಟ್ಟಿ ಟೋಪಿ ಹಾಕ್ಕೊ. ಯಾರ್ಗೂ ಗೊತ್ತಾಗಲ್ಲ."

"ಬ್ಯಾಡ್ರೀ, ಬೆಳೆದ್ ಉಡ್ಗಿ," ಎಂದಳು ಅಮ್ಮ.

"ನಾನಿದೀನಲ್ಲ, ನೀನ್ ಸುಮ್ನಿರು."

ಅಕ್ಕ ಆಡಿದಳು. ಊಟದ ಹೊತ್ತು ಮರೆತ ಮಗುವಿನ ಹಾಗೆ ಆಡಿದಳು. ಒಂದು ಸಲ ಇಬ್ಬರನ್ನು ದಾಟಿ, ಓಡುತ್ತಲೇ ಬೀಸಿ ಹೊಡೆದ ಚೆಂಡು ಗೋಲಿನೊಳಗೆ ಹೋಯಿತು. ಆ ಬೀಸಿಗೆ ಟೋಪಿ ಹಾರಿಬಿದ್ದು, ಜಡೆ ಬಿಚ್ಚಿ ಸೊಂಟದವರೆಗೆ ಇಳಿಯಿತು.

ಕೆರೆಯಂಗಳವೆಲ್ಲ ಗೊಳ್ಳೆಂದಿತು. ಜಮೀನ್ದಾರರು ಮಾತ್ರ ನಗಲಿಲ್ಲ. "ಏನಯ್ಯ ಇದು? ಎಣ್ಮಕ್ಳನ್ನ ಇಂಗೆ ಬಯಲಲ್ಲಿ ಓಡುಸ್ತೀರಾ? ಯಾರ ಮಗಳಯ್ಯ ಇವಳು?"

ಅಪ್ಪ ಬಾಯಿಂದ ಸೀಟಿ ತೆಗೆದರು. "ಗೊತ್ತಿಲ್ಲ ಸ್ವಾಮಿ. ಊರಲ್ಲಿ ಯಾರದೋ ಇರ್ಬೇಕು. ನಮ್ಮುಡುಗ್ರು ತಮಾಷೆಗೆ ಸೇರಿಸ್ಕೊಂಡವ್ರೆ."

ಏರಿಯ ಮೇಲಿದ್ದ ನಮಗೆ ಪ್ರತಿ ಅಕ್ಷರವೂ ಕೇಳಿಸಿತು. ಅಮ್ಮ ಪಾನಕದ ಕೊಳದಪ್ಪಲೆಯ ಮುಚ್ಚಳ ಹಿಡಿದುಕೊಂಡು ಹಾಗೇ ಕೂತಿದ್ದಳು. ಅಕ್ಕ ಅಪ್ಪನ ಮುಖ ನೋಡಿದಳು. ಅಪ್ಪ ಜಟಕಾದ ಕುದುರೆಯನ್ನು ನೋಡುತ್ತಿದ್ದರು. ಅವಳು ಸ್ಟಿಕ್ಕನ್ನು ನೆಲಕ್ಕಿಟ್ಟು ನಮ್ಮ ಹತ್ತಿರ ನಡೆದು ಬಂದಳು. ಆ ಗೋಲನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಹಿಡಿಯದಂತೆ ಸೀಟಿ ಊದಿದವರೂ ಅಪ್ಪನೇ.

ಸಂಜೆ ಅವರು ಮೈಸೂರುಪಾಕಿನ ಪೊಟ್ಟಣ ಹಿಡಿದುಕೊಂಡು ಮನೆಗೆ ಬಂದರು. "ನಿನ್ ಒಳ್ಳೇದಕ್ಕೇ ಹಂಗಂದಿದ್ದು ಕಣಮ್ಮ. ನಾಳೆ ನಿನ್ ಮದ್ವೆ ಆಗ್ಬೇಕಲ್ವಾ?"

"ಆಡುಸ್ದೋರು ನೀವು," ಎಂದಳು ಅಮ್ಮ. ಅಮ್ಮ ಅಪ್ಪನ ಮೇಲೆ ತಪ್ಪು ಹೊರಿಸಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಆ ಪೊಟ್ಟಣವನ್ನು ಕೊನೆಗೆ ಅಪ್ಪನೇ ತಿಂದು ಮುಗಿಸಿದರು.

ಮರುವರ್ಷ ಅಕ್ಕನನ್ನು ಹೆಸರಘಟ್ಟಕ್ಕೆ ಕೊಟ್ಟರು. ಭಾವ ಹಸು ಸಾಕಿಕೊಂಡಿದ್ದ, ಮಾತು ಕಡಿಮೆಯ ಒಳ್ಳೆಯ ಮನುಷ್ಯ. ಅಪ್ಪ ಭಾನುವಾರಗಳಲ್ಲಿ ಬಾಳೆಹಣ್ಣಿನ ಚಿಪ್ಪು ನೇತುಹಾಕಿಕೊಂಡು, ಬಿಸಿಲೆನ್ನದೆ ಸೈಕಲ್ ತುಳಿದು ಮಗಳನ್ನು ನೋಡಲು ಹೋಗುತ್ತಿದ್ದರು. ಊರಿನವರು ಅದನ್ನೂ ಹೊಗಳಿದರು.

ನಾನು ಕಾಲೇಜಿಗೆ ಸೇರಿದ ವರ್ಷ ಒಂದು ಭಾನುವಾರ ಅವರ ಜೊತೆ ಹೋಗಿದ್ದೆ. ಭಾವನ ನೆಂಟರು ನಾಲ್ಕು ಜನ ಜಗಲಿಯಲ್ಲಿದ್ದರು. ಅಪ್ಪ ಕಾಫಿ ಕುಡಿಯುತ್ತ ಶುರುಮಾಡಿದರು: "ನನ್ ಮಗಳನ್ನ ಗಂಡುಡುಗ್ರ ಜೊತೆ ಆಡಿಸ್ದೋನು ನಾನು. ಯಾರ್ಗಿತ್ರೀ ಅಂಥ ಧೈರ್ಯ? ಜಮೀನ್ದಾರ ಯಾರ ಮಗಳು ಅಂತ ಕೇಳ್ದ. ನನ್ ಮಗಳೇ ಕಣಯ್ಯ ಅಂದೆ, ಎದೆ ತಟ್ಕೊಂಡು!"

ನೆಂಟರು ತಲೆದೂಗಿದರು. ನನಗೆ ತಡೆಯಲಾಗಲಿಲ್ಲ. "ಹಂಗನ್ಲಿಲ್ಲ ಅಪ್ಪ. ಯಾರೋ ಗೊತ್ತಿಲ್ಲ ಅಂದ್ರಿ."

ಅಪ್ಪ ನನ್ನನ್ನು ಆಶ್ಚರ್ಯದಿಂದ ನೋಡಿದರು. ನಟನೆಯ ಆಶ್ಚರ್ಯವಲ್ಲ. "ಛೆ, ಹೆತ್ತ ಮಗಳನ್ನ ಯಾರಾದ್ರೂ ಹಂಗಂತಾರಾ? ನೀನಾಗ ಚಿಕ್ಕೋಳು, ನಿಂಗೇನ್ ಗೊತ್ತು."

ಅವರು ಅದನ್ನು ನಿಜವಾಗಿಯೂ ನಂಬಿದ್ದರು. ಸುಳ್ಳುಗಾರನಾಗಿದ್ದರೆ ನನಗೆ ಅಷ್ಟು ಹೇಸಿಗೆಯಾಗುತ್ತಿರಲಿಲ್ಲ. ಸುಳ್ಳುಗಾರನಿಗೆ ತಾನು ಮಾಡಿದ್ದೇನೆಂದಾದರೂ ಗೊತ್ತಿರುತ್ತದೆ. ಇವರು ಯಾರನ್ನೂ ಕೇಳದೆ ತಮ್ಮನ್ನು ತಾವೇ ಕ್ಷಮಿಸಿಕೊಂಡು, ಮೇಲೊಂದು ಹಾರವನ್ನೂ ಹಾಕಿಕೊಂಡಿದ್ದರು.

ನಾನೆದ್ದು ಕೊಟ್ಟಿಗೆಗೆ ಹೋದೆ. ಅಕ್ಕ ಅಲ್ಲಿ ಕೊಡಕ್ಕೆ ಹಾಲು ಕರೆಯುತ್ತಿದ್ದಳು; ಜಗಲಿಯ ಮಾತು ಅಲ್ಲಿಗೂ ಕೇಳಿಸುತ್ತಿತ್ತು. "ನೀನ್ಯಾಕೆ ಸುಮ್ನಿದೀಯ?" ಎಂದು ಕೇಳಿದೆ.

"ಜಗಳ ಆಡಿದ್ರೆ ಅವ್ರಿಗೆ ಹೇಳ್ಕೊಳ್ಳೋಕೆ ಇನ್ನೊಂದ್ ಕತೆ ಸಿಗುತ್ತೆ, ಅಷ್ಟೇ," ಎಂದಳು.  ಆಮೇಲೆ ಹಸುವಿಗೆ ಹೇಳುವಂತೆ ಮೆಲ್ಲಗೆ ಹೇಳಿದಳು: "ಬೇಜಾರಾಗಿದ್ದು ಗೊತ್ತಿಲ್ಲ ಅಂದಿದ್ದಕ್ಕಲ್ಲ ಕಣೇ. ಅವತ್ತು ಒಂದ್ಸಲನಾದ್ರೂ ನನ್ ಕಡೆ ತಿರುಗಿ ನೋಡ್ಬೋದಿತ್ತು."

ಅವಳು ಕೊಡ ಎತ್ತಿಕೊಂಡು ಒಳಗೆ ಹೋದಳು. ಅಪ್ಪನಿಗೆ ಮೊಸರನ್ನ ಕಲಸಬೇಕಿತ್ತು. ಖಾರ ಅವರಿಗೆ ಆಗುತ್ತಿರಲಿಲ್ಲ.