ಮುಂದ ಅರ್ಜಿ, ಹಿಂದ ಉಡಿ

ಅಕ್ಕಾರು ಇನ್ನೂ ಸೆರಗ ಒಡ್ಡಿರಲಿಲ್ಲ, ನಮ್ಮವ್ವ ಅಕ್ಕಿ ಸುರುವೇ ಬಿಟ್ಲು. ಅರ್ಧ ಉಡ್ಯಾಗ ಬಿತ್ತು, ಅರ್ಧ ನೆಲಕ್ಕ ಬಿತ್ತು.

"ತಡೀಬೇ, ಉಡಿ ತುಂಬಾಕ ಹತ್ತೀಯೋ, ಕಾಳಿನ ಹಗೇವ ತುಂಬಾಕ ಹತ್ತೀಯೋ?" ಅಂದ್ರು ಅಕ್ಕಾರು.

ಅವ್ವ ಅಕ್ಕಿ ಮ್ಯಾಲ ಖಣ, ಕೊಬ್ಬರಿ ಬಟ್ಟಲ, ಉತ್ತತ್ತಿ ಒಂದೊಂದ ಇಟ್ಲು. ನಾ ಚೀಲಾ ಹಿಡಕೊಂಡ ಹಿತ್ತಲ ಬಾಗಲದಾಗ ನಿಂತಿದ್ದೆ.

ಅಕ್ಕಾರು ಅಂದ್ರ ನಾವು ಓಟ ಹಾಕಿ ಆರಿಸಿದ ಸಾಹೇಬ್ರ ಹೇಣ್ತಿ. ಯಾವ ಸಾಹೇಬ್ರಂತ ಹೇಳಂಗಿಲ್ಲ, ನಾ ಇಲ್ಲೇ ಸೈಕಲ್ ಅಂಗಡಿ ಇಟಗೊಂಡ ಬಾಳೇ ಮಾಡಬೇಕು. ಸಾಹೇಬ್ರು ಮುಂದ ಪಡಸಾಲ್ಯಾಗ ಕುಂತಿದ್ರು. ನಮ್ಮಪ್ಪ ಅಲ್ಲಿ ಮೂರನೇ ಅರ್ಜಿ ತಗೊಂಡ ಹೋಗಿದ್ದ. ಮದಲಿನ ಎರಡಕ್ಕೂ ಸಾಹೇಬ್ರು "ನೋಡೂಣು" ಅಂದಿದ್ರು.

ನಮ್ಮ ಕಡೆ ಉಡಿ ತುಂಬಿಸಿಕೊಂಡಾಕಿ ತುಂಬಿದವರ ಮನಿ ಮಗಳಾದಂಗ. ಆಮ್ಯಾಲ ಅವರು ಕೇಳಿದ್ದಕ್ಕ ಇಲ್ಲ ಅನ್ನಾಕ ಬರಂಗಿಲ್ಲ. ತಾಲೂಕಿಗೆಲ್ಲಾ ಇದು ಗೊತ್ತಿತ್ತು. ಗಂಡಸ್ರು ಮುಂದಿನ ಬಾಗಲಕ್ಕ ಕಾಗದಾ ಒಯ್ತಿದ್ರು, ಹೆಂಗಸ್ರು ಹಿತ್ತಲಕ್ಕ ಅಕ್ಕಿ ಒಯ್ತಿದ್ರು. ಸರಕಾರ ಹಿತ್ತಲದಾಗಿಂದ ನಡೀತಿತ್ತು. ಮುಂದ ಬರೇ ಚಾ ಸಿಗ್ತಿತ್ತು.

"ಈಗ ಹೇಳಬೇ, ಏನಾಗಬೇಕು?"

"ಮಗಳು ಏಳ ತಿಂಗಳ ಬಸರಿ ಅದಾಳ್ರಿ. ಹ್ವಾದ ಸಲ ಕೂಸ ಉಳೀಲಿಲ್ಲ. ಈಗ ನಮ್ಮೂರ ನರ್ಸಬಾಯಿನ ಕಿತ್ತೂರಿಗೆ ವರ್ಗಾ ಮಾಡ್ಯಾರ. ಕಳಸಬ್ಯಾಡ್ರಿ."

ಅಕ್ಕಾರು ಕುಂತಲ್ಲಿಂದನ, "ಏನ್ರಿ, ಒಂದೀಟ ಒಳಗ ಬರ್ರಿ" ಅಂದ್ರು. ಸಾಹೇಬ್ರು ಬಂದ್ರು, ಕೇಳಿಸಿಕೊಂಡ್ರು, ಹೊರಗ ಹೋಗಿ ಅಪ್ಪಗ, "ನಾ ವಿಚಾರ ಮಾಡೀನಿ. ನರ್ಸ ಅಲ್ಲೇ ಇರ್ತಾಳ" ಅಂದ್ರು.

ಸಾಲಹಳ್ಳಿ ದಾಟೂತನಾ ಅಪ್ಪ ಬಸ್ಸಿನ್ಯಾಗ ಹೇಳಿದ್ದ ಹೇಳಿದ. "ಅರ್ಜಿ ಬರಿಯೂ ಧಾಟಿ ಇರ್ತೈತಿ. ಎಲ್ಲಾರಿಗೂ ಬರಂಗಿಲ್ಲ." ಅವ್ವ ಎಲಿ ಅಡಿಕಿ ಹಾಕ್ಕೊಂಡ ಕಿಡಕ್ಯಾಗ ನೋಡಾಕ ಹತ್ತಿದ್ಲು.

ವಾರದಾಗ ವರ್ಗಾ ಕ್ಯಾನ್ಸಲ್ ಆತು. ಅವತ್ತ ಸಂಜೀಕ ನರ್ಸಬಾಯಿ ನಮ್ಮನಿಗೆ ಬಂದ್ಲು. ಕುಂಡ್ರು ಅಂದ್ರ ಕುಂಡ್ರಲಿಲ್ಲ.

"ಆ ವರ್ಗಾ ನಾನ ಕೇಳಿ ಮಾಡಿಸಿಕೊಂಡಿದ್ದೆ" ಅಂದ್ಲು. "ನನ್ನ ಗಂಡ ಕಿತ್ತೂರ ಬಾಜೂಕ ದೇಗಾಂವದಾಗ ಮಾಸ್ತರ. ನಾಕ ವರ್ಷದ ಮಗಳು ಅಲ್ಲೇ ಐತಿ. ಹ್ವಾದ ತಿಂಗಳ ಹೋದ್ರ ಅದು ನನ್ನ ನೋಡಿ ಅವರಪ್ಪನ ಹಿಂದ ಅಡಗಿ ನಿಂತತು. ನಾನೂ ಅಕ್ಕಾರ ಉಡಿ ತುಂಬೀನಬೇ. ಇಳಕಲ್ ಸೀರಿ ಇಟ್ಟಿದ್ದೆ. ನೀವು ಖಣದಾಗ ಗೆದ್ರಿ."

ಅವ್ವನ ಮಾರಿ ಸಣ್ಣದಾತು. ಆದ್ರ ಒಳಗ ನಮ್ಮ ಬಸರಿ ಅಕ್ಕ ಮಲಗಿದ್ಲು, ಎಲ್ಲಾ ಕೇಳಸ್ತಿತ್ತು. ಹೋಗು ಅಂತ ಅವ್ವ ಹೆಂಗ ಅಂದಾಳು. ನನಗ ಇಂಥಾದ್ದು ತಡಕೊಳ್ಳಾಕ ಆಗಂಗಿಲ್ಲ. ಮರುದಿನ ಅವ್ವ, ನರ್ಸಬಾಯಿ ಇಬ್ಬರನ್ನೂ ಬಸ್ಸ ಹತ್ತಿಸಿಕೊಂಡ ಅದ ಹಿತ್ತಲಕ್ಕ ಒಯ್ದೆ.

ಅಕ್ಕಾರು ಮೆಂತೇ ಪಲ್ಲೆ ಸೋಸಾಕ ಹತ್ತಿದ್ರು. ಇಬ್ಬರ ಮಾತೂ ಕೇಳಿದ್ರು. "ಬ್ಯಾರೆ ಬ್ಯಾರೆ ದಿನಾ ಬಂದ್ರಿ, ಇಬ್ಬರಿಗೂ ಹೂಂ ಅಂದೆ. ಈಗ ನಾ ಯಾರ ಮಗಳಾಗಬೇಕು?" ಅಂದು ಬೆರಳ ಮಡಚಿ ತಿಂಗಳಾ ಎಣಿಸಿದ್ರು. "ಪಂಚಮಿ ಹಿಂದ ಮುಂದ ಮಗಳು ಹಡೀತಾಳ. ಹನ್ನೆರಡ ದಿನ ಬಾಣಂತಿನ್ನ ನೋಡವಾ ನರ್ಸಬಾಯಿ. ಹದಿಮೂರಕ್ಕ ಕಿತ್ತೂರ ಬಸ್ಸ ಹತ್ತು."

ನರ್ಸಬಾಯಿ ಹೂಂ ಅಂದ್ಲು. ಅವ್ವ ಕಣ್ಣ ಒರಿಸಿಕೊಂಡ್ಲು. ಅಕ್ಕಾರು ಸಾಹೇಬ್ರನ್ನ ಕರದ್ರು.

"ಒಮ್ಮೆ ವರ್ಗಾ ಮಾಡಸು ಅಂದಿ, ಒಮ್ಮೆ ಬ್ಯಾಡಂದಿ. ಈಗ ಮತ್ತ ಮಾಡಸು ಅಂತಿ. ಆಫೀಸಿನ್ಯಾಗ ನಗ್ತಾರ."

"ನಗಲಿ. ಅವರೇನ ಹಡ್ಯಾವ್ರೇನ? ಬರೀರಿ, ಶಾಯಿ ಏನ ನಿಮ್ಮಪ್ಪಂದ?"

ಸಾಹೇಬ್ರು ಬರದ್ರು. ನಾಕನೇ ಇಯತ್ತ ಕಲ್ತಾಂವ ನಾ, ಸರಕಾರ ಹೆಂಗ ನಡೀತೈತಿ ಅನ್ನೂದನ್ನ ಅವತ್ತ ಮೆಂತೇ ಪಲ್ಲೆ ಬಾಜೂಕ ನಿಂತ ಕಲ್ತೆ. ಸುಳ್ಳ ಯಾಕ ಹೇಳ್ಲಿ, ಸಾಹೇಬ್ರ ಬದಲಿ ಅಕ್ಕಾರಿಗೇ ಓಟ ಹಾಕಬೇಕಿತ್ತು ಅನಿಸ್ತು.

ಪಂಚಮಿ ಆಗಿ ಮೂರ ದಿನಕ್ಕ ಅಕ್ಕ ಹಡದ್ಲು. ಕೂಸಿನ ಕೊರಳಿಗೆ ಹೊಕ್ಕಳ ಬಳ್ಳಿ ಸುತ್ತಿತ್ತಂತ. ನರ್ಸಬಾಯಿ ಬಿಡಿಸಿದ್ಲು. ಹೆಣ್ಣ ಕೂಸು, ಅತ್ತತು, ಉಳೀತು. ಹದಿಮೂರನೇ ದಿನಾ ನರ್ಸಬಾಯಿ ಟ್ರಂಕ ನಾನ ಬಸ್ಸಿನ ಮ್ಯಾಲ ಏರಿಸಿದೆ. ಆಕಿ ಹಿಂದ ತಿರುಗಿ ನೋಡಲಿಲ್ಲ. ಯಾಕ ನೋಡಬೇಕು.

ಮುಂದ ಒಂದ ಸಭಾದಾಗ ಸಾಹೇಬ್ರು, "ತಾಯಂದಿರ ಹಿತಕ್ಕಾಗಿ ಖುದ್ದು ನಾನೇ ನಿರ್ಧಾರ ತಗೊಂಡೆ" ಅಂತ ಭಾಷಣಾ ಮಾಡಿದ್ರು. ಅಪ್ಪ ಎಲ್ಲಾರಕಿಂತ ಜೋರ ಚಪ್ಪಾಳಿ ಹೊಡದ.

ನರ್ಸಬಾಯಿ ಜಾಗಾಕ್ಕ ಇನ್ನೊಬ್ಬಾಕಿನ್ನ ಕಳಸ್ರಿ ಅಂತ ಕೇಳೂದು ನಮಗ್ಯಾರಿಗೂ ಹೊಳೀಲಿಲ್ಲ. ನಮ್ಮ ಕೂಸ ಉಳದಿತ್ತಲ್ಲ. ಕೂಸಿಗೆ ಈಗ ಎರಡ ವರ್ಷ. ನರ್ಸಿನ ಕ್ವಾರ್ಟರ್ಸಿಗೆ ಕೀಲಿ ಹಾಕಿದ್ದ ಹಂಗೇ ಐತಿ. ಬಾಜೂ ಮನಿ ಸೊಸಿ ಈಗ ಆರ ತಿಂಗಳ ಬಸರಿ. ನಾ ಹೇಳೂದ ಇಷ್ಟ, ಇನ್ನೇನಿಲ್ಲ.